ಊರಿನ ಜಾಗ, ಮರ ಮತ್ತು ನಮ್ಮ ಲೆಕ್ಕ

(ಅಮೆರಿಕದ ಶಿಕಾಗೊ ಸಮೀಪದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಶಿಕಾಗೊ ಮತ್ತು ಡೆಟ್ರಾಯಿಟ್ ಕಡೆಯ ನಮ್ಮವರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಸಂಘದವರು ನನಗೆ ಕೊಟ್ಟ ವಿಷಯ ‘ಉಳಿತಾಯ’. ಅಕೌಂಟೆಂಟ್ ಅಲ್ವಾ, ಹಣದ ಬಗ್ಗೆ ಎಂಥಾದ್ರೂ ಹೇಳ್ತಾನೆ ಅಂತ. ನಾನು ಹೇಳುವುದೂ ಹಣದ ವಿಷಯವೇ, ಆದರೆ ಬ್ಯಾಂಕಿನದ್ದಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಊರಿನಲ್ಲಿ ಉಪ್ಪ ಬಿಟ್ಟುಹೋದ ಜಾಗ ಉಂಟು. ಎರಡೆಕ್ರೆಯೋ, ಮೂರೆಕ್ರೆಯೋ. ಅದನ್ನು ಏನು ಮಾಡುವುದು ಅಂತ ಅಣ್ಣತಮ್ಮಂದಿರೊಳಗೆ ಫೋನಿನಲ್ಲಿ ಜಗಳ ಆಗುವುದೂ ಉಂಟು. ಇವತ್ತು ನಾನು ಆ ಜಾಗದ ಬಗ್ಗೆ ಮಾತಾಡುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪಿನ ಲೆಕ್ಕವನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಇಲ್ಲಿಯ ಒಂದು ಮಾತು. 2025ರ ಮೇ 16ರ ಸಂಜೆ ನಿಮಗೆಲ್ಲ ನೆನಪಿರಬಹುದು. ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿತು. ಶಿಕಾಗೊ ನಗರಕ್ಕೆ ಧೂಳಿನ ಬಿರುಗಾಳಿಯ ಎಚ್ಚರಿಕೆ. ಹವಾಮಾನ ಇಲಾಖೆ ಈ ನಗರಕ್ಕೆ ಇಂಥ ಎಚ್ಚರಿಕೆ ಕೊಟ್ಟದ್ದು ಅದೇ ಮೊದಲು. ಇಂಡಿಯಾನಾದ ಗ್ಯಾರಿ ಕಡೆಯಿಂದ ಬರುತ್ತಿದ್ದ ನನ್ನ ಸಹೋದ್ಯೋಗಿ, ಎದುರಿನ ಲಾರಿಯ ಲೈಟ್ ಬಿಟ್ಟರೆ ಏನೂ ಕಾಣ್ತಿರಲಿಲ್ಲ ಅಂದ. ದುಬೈಯಲ್ಲಿ, ದಮ್ಮಾಮಿನಲ್ಲಿ ಇದ್ದು ಬಂದವರಿಗೆ ಇದೇನು ಹೊಸತಲ್ಲ. ಆದರೆ ಇಲ್ಲಿ ಮರುಭೂಮಿ ಎಲ್ಲಿದೆ? ಆ ಧೂಳು ಬಂದದ್ದು ಹೊಲಗಳಿಂದ. ಇಲಿನಾಯ್ ರಾಜ್ಯದ ನಡುಭಾಗದಲ್ಲಿ ಗಂಟೆಗಟ್ಟಲೆ ಕಾರು ಓಡಿಸಿದರೂ ಜೋಳ, ಸೋಯಾ, ಮತ್ತೆ ಜೋಳ, ಸೋಯಾ. ಮೇ ತಿಂಗಳಲ್ಲಿ ಬಿತ್ತನೆಯ ಹೊತ್ತಿಗೆ ಆ ಕಪ್ಪು ಮಣ್ಣು ಬರೀ ಮೈಯಲ್ಲಿ ಬಿದ್ದಿರುತ್ತದೆ. ಮಳೆ ತಡವಾಗಿ ಗಾಳಿ ಜೋರಾದರೆ ಮಣ್ಣು ಎದ್ದು ಹೋಗುತ್ತದೆ. 2023ರ ಮೇ 1ರಂದು ಸ್ಪ್ರಿಂಗ್‌ಫೀಲ್ಡ್‌ನ ದಕ್ಷಿಣಕ್ಕೆ 55ನೇ ಹೆದ್ದಾರಿಯಲ್ಲಿ ಇಂಥದೇ ಧೂಳಿನಲ್ಲಿ 70ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ 8 ಜನ ಸತ್ತರು.

ಇವರಿಗೆ ಇದು ಹೊಸ ಪಾಠವೂ ಅಲ್ಲ. 1934ರ ಮೇ ತಿಂಗಳಲ್ಲಿ ಪಶ್ಚಿಮದ ಬಯಲುಗಳಿಂದ ಎದ್ದ ಧೂಳು ಶಿಕಾಗೊದ ಮೇಲೆ ಸುಮಾರು 1 ಕೋಟಿ 20 ಲಕ್ಷ ಪೌಂಡ್ ಮಣ್ಣು ಸುರಿಯಿತು ಅಂತ ದಾಖಲೆ ಉಂಟು. ಆಗ ಅಧ್ಯಕ್ಷ ರೂಸ್‌ವೆಲ್ಟ್ ಏನು ಮಾಡಿದರು? ಉತ್ತರ ಡಕೋಟಾದಿಂದ ಟೆಕ್ಸಸ್‌ವರೆಗೆ ಹೊಲಗಳ ಅಂಚಿನಲ್ಲಿ ಗಾಳಿ ತಡೆಯುವ ಮರದ ಸಾಲು ನೆಡಿಸಿದರು. 1942ರ ಹೊತ್ತಿಗೆ ಸುಮಾರು 22 ಕೋಟಿ ಗಿಡ. ಆಮೇಲೆ ಯಂತ್ರಗಳು ದೊಡ್ಡದಾದವು, ಹೊಲಗಳು ದೊಡ್ಡದಾದವು, ಮರದ ಸಾಲು ಅಡ್ಡ ಅಂತ ಎಷ್ಟೋ ಕಡೆ ಕಡಿದು ತೆಗೆದರು. ಈಗ ಇದೇ ಇಲಿನಾಯ್, ವಿಸ್ಕಾನ್ಸಿನ್‌ನಲ್ಲಿ ಸವಾನ್ನಾ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯವರು ಜೋಳದ ಸಾಲುಗಳ ನಡುವೆ ಚೆಸ್ಟ್‌ನಟ್, ಹೇಝಲ್‌ನಟ್ ಮರ ನೆಡಿ ಅಂತ ರೈತರಿಗೆ ಹೇಳಿಕೊಡುತ್ತಿದ್ದಾರೆ. ಅದಕ್ಕೆ ಅವರು ಹೇಳುವ ಹೆಸರು ಆಗ್ರೋಫಾರೆಸ್ಟ್ರಿ. ನಮ್ಮಲ್ಲಿ ಕೃಷಿ ಅರಣ್ಯ ಅಂತಾರೆ.

ನಮ್ಮ ಹಿರಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ನನ್ನ ಉಪ್ಪ ಅಡಿಕೆ, ಕರಿಮೆಣಸಿನ ಸಣ್ಣ ವ್ಯಾಪಾರಿ. ಊರೂರಿನ ತೋಟಕ್ಕೆ ಹೋಗಿ ಫಸಲು ಮರದಲ್ಲಿರುವಾಗಲೇ ಪಾಟಕ್ಕೆ ಹಿಡಿಯುತ್ತಿದ್ದರು. ಭಟ್ಟರ ತೋಟ, ಗೌಡರ ತೋಟ, ಶೆಟ್ರ ತೋಟ, ಯಾವುದಕ್ಕೆ ಹೋದರೂ ಅಡಿಕೆ ಮಾತ್ರ ಇರುತ್ತಿರಲಿಲ್ಲ. ಅಡಿಕೆಗೆ ಮೆಣಸಿನ ಬಳ್ಳಿ, ತೋಡಿನ ಬದಿಗೆ ತೆಂಗು, ನಡುವೆ ಬಾಳೆ, ಬೇಲಿಯಲ್ಲಿ ಹಲಸು, ಪುನರ್ಪುಳಿ, ಮೇಲೆ ಗುಡ್ಡೆಯಲ್ಲಿ ಸೊಪ್ಪಿನ ಮರಗಳು. ಆ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ. ಬ್ರಿಟಿಷರ ಕಾಲದ ಕಂದಾಯದವರಿಗೂ ಇದು ಅರ್ಥವಾಗಿತ್ತು. ಅದಕ್ಕೇ ದಕ್ಷಿಣ ಕನ್ನಡದಲ್ಲಿ ವರ್ಗ ಜಾಗಕ್ಕೆ ತಾಗಿದ 100 ಗಜದ ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ, ದನ ಮೇಯಿಸುವ ಕುಮ್ಕಿ ಹಕ್ಕು ಇದ್ದದ್ದು. ಉತ್ತರ ಕನ್ನಡದಲ್ಲಿ ಒಂದು ಎಕ್ರೆ ಅಡಿಕೆ ತೋಟಕ್ಕೆ 9 ಎಕ್ರೆವರೆಗೆ ಸೊಪ್ಪಿನ ಬೆಟ್ಟ. ಒಂದಕ್ಕೆ ಒಂಬತ್ತು! ನನ್ನ ಭಾಷೆಯಲ್ಲಿ ಹೇಳುವುದಾದರೆ ತೋಟ ಆದಾಯ, ಬೆಟ್ಟ ಮೂಲಧನ. ನಾವೇನು ಮಾಡಿದೆವು? ಮೂಲಧನವನ್ನು ಕಡಿದು ಆದಾಯ ಅಂತ ಬರೆದುಕೊಂಡೆವು.

ಈಗ ನಮ್ಮ ಮನೆಯ ಲೆಕ್ಕ. ಬೆಳ್ತಂಗಡಿ ತಾಲೂಕಿನಲ್ಲಿ ನಮಗೆ 3 ಎಕ್ರೆ 20 ಸೆಂಟ್ಸ್. ಉಪ್ಪ 2016ರಲ್ಲಿ ತೀರಿಕೊಂಡರು. ನಾವು ಮೂವರು ಗಂಡುಮಕ್ಕಳು, ಇಬ್ಬರು ತಂಗಿಯರು, ಉಮ್ಮ. ಪಾಲು ಹಾಕಿದರೆ ಉಮ್ಮನಿಗೆ ಎಂಟನೇ ಒಂದು ಅಂದರೆ 40 ಸೆಂಟ್ಸ್, ನಮಗೆ ತಲಾ 70, ತಂಗಿಯರಿಗೆ ತಲಾ 35. ಕಾಗದದಲ್ಲಿ ಸರಿಯಾಗಿ ಕೂತಿತು. ಆದರೆ 35 ಸೆಂಟ್ಸಿನಲ್ಲಿ ಯಾರು ಕೃಷಿ ಮಾಡ್ತಾರೆ? ನೀರು ಒಂದೇ ಬಾವಿಯದ್ದು, ದಾರಿ ಒಂದೇ. ಹಾಗಾಗಿ ಒಟ್ಟಿಗೇ ಇಡುವುದು ಅಂತ ಆಯಿತು. ಕೆಳಗೆ 1 ಎಕ್ರೆ 30 ಸೆಂಟ್ಸ್ ಅಡಿಕೆ ತೋಟ. ಅದರ ಮೇಲೆ ಮನೆ. ಮನೆಯ ಹಿಂದೆ ಗುಡ್ಡೆಯಲ್ಲಿ ಕಾಟುಮಾವು, ಹಲಸು, ಹೆಬ್ಬಲಸು, ಬೋಗಿ, ಗೇರು, ಹೆಸರಿಲ್ಲದ ಹತ್ತಾರು ಮರ.

ಚಿಕ್ಕ ತಮ್ಮ ಜುಬೈಲಿನಲ್ಲಿ 14 ವರ್ಷ ದುಡಿದವನು. ಕಂಪೆನಿಯಲ್ಲಿ ಕೆಲಸ ಹೋಯಿತು, ಊರಿಗೆ ಬಂದ. ಅವನಿಗೆ ಮೂವರು ಮಕ್ಕಳು, ಶಾಲೆಯ ಫೀಸು, ಮದ್ದು, ಮದುವೆಮುಂಜಿಯ ಖರ್ಚು. 2018ರ ಡಿಸೆಂಬರಿನಲ್ಲಿ ಫೋನ್ ಮಾಡಿ, “ಕಾಕ, ಗುಡ್ಡೆ ಸುಮ್ಮನೆ ಬಿದ್ದುಕೊಂಡಿದೆ. ಜೆಸಿಬಿ ಹಾಕಿ ಮಟ್ಟ ಮಾಡಿ ಅಡಿಕೆ ಇಡುವ” ಅಂದ. ಊರಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅಡಿಕೆಗೆ ರೇಟು ಇತ್ತು. ನಾನು ಇಲ್ಲಿ ಕಂಪ್ಯೂಟರಿನಲ್ಲಿ ಎಕ್ಸೆಲ್ ಶೀಟ್ ಹಾಕಿದೆ. ಇಷ್ಟು ಗಿಡ, ಇಷ್ಟು ಕಿಲೋ, ಇಷ್ಟು ರೂಪಾಯಿ. ಎಂಟನೇ ವರ್ಷ ಹಾಕಿದ ಹಣ ವಾಪಸ್ ಅಂತ ಶೀಟ್ ಹೇಳಿತು. ಹಣ ಕಳಿಸಿದೆ.

ಮರ ಮಾರಿ ಬಂದದ್ದು 85,000. ಜೆಸಿಬಿಗೆ 1,40,000. ಗಿಡ, ಗುಂಡಿ, ಪೈಪು ಎಲ್ಲ ಸೇರಿ 1,22,000. ನಾಲ್ಕು ತಟ್ಟು ಮಾಡಿ 300 ಅಡಿಕೆ ಸಸಿ ಇಟ್ಟರು. ಫೋಟೋ ಬಂತು. ಕೆಂಪು ಮಣ್ಣಿನ ಮೆಟ್ಟಿಲುಗಳು, ನೋಡಲಿಕ್ಕೆ ಚಂದ. ಉಮ್ಮ ಮಾತ್ರ ಒಂದು ಮಾತು ಹೇಳಿದ್ದರು: “ಮಧ್ಯಾಹ್ನ ಹಿಂದಿನ ಬಾಗಿಲಲ್ಲಿ ಕೂತುಕೊಳ್ಳಲಿಕ್ಕೆ ಆಗುದಿಲ್ಲ, ಬೆಂಕಿ ಬಿದ್ದ ಹಾಗೆ ಆಗ್ತದೆ.” ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

2019ರ ಆಗಸ್ಟ್. ಬೆಳ್ತಂಗಡಿ ಕಡೆ ನೆರೆ ಬಂದದ್ದು ನಿಮಗೆ ಗೊತ್ತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಶಿಕಾಗೊಕ್ಕೆ ಬೀಳುವುದು ಅದರ ಕಾಲು ಭಾಗವೂ ಇಲ್ಲ. ಅದೂ ನಮ್ಮಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಮರ ಇದ್ದಾಗ ಆ ನೀರು ಎಲೆಗೆ ಬಿದ್ದು, ತರಗೆಲೆಗೆ ಇಳಿದು, ಬೇರಿನ ದಾರಿಯಲ್ಲಿ ಒಳಗೆ ಹೋಗುತ್ತಿತ್ತು. ಈಗ ಸಡಿಲ ಮಣ್ಣಿನ ಮೇಲೆ ನೇರ ಬಿತ್ತು. ಒಂದು ರಾತ್ರಿ ಮೇಲಿನ ಎರಡು ತಟ್ಟು ಜಾರಿ ಮನೆಯ ಬದಿಯಿಂದ ಕೆಳಗಿನ ತೋಟಕ್ಕೆ ನುಗ್ಗಿತು. ಫಸಲು ಬಿಡುತ್ತಿದ್ದ 63 ಅಡಿಕೆ ಮರ ಹೋಯಿತು. ಬಾವಿ ಅರ್ಧ ತುಂಬಿತು. ಇನ್ನು ಹತ್ತು ಅಡಿ ಈಚೆಗೆ ಬಂದಿದ್ದರೆ ಉಮ್ಮ ಮಲಗುವ ಕೋಣೆ. ಅಲ್‌ಹಮ್ದುಲಿಲ್ಲಾಹ್, ಬರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿ ಕೂತು ಟಿವಿಯಲ್ಲಿ ನೋಡಿದವನು ನಾನು. ನೋಡಿಯೂ ಡಿಸೆಂಬರಿನಲ್ಲಿ ಹಣ ಕಳಿಸಿದವನು ನಾನೇ. ತಮ್ಮನನ್ನು ಬೈಯಲಿಕ್ಕೆ ನನಗೆ ಬಾಯಿ ಇರಲಿಲ್ಲ.

ಬಾವಿ ತೆಗೆಸಲು, ಕಲ್ಲಿನ ಗೋಡೆ ಕಟ್ಟಿಸಲು 2,38,000 ಹೋಯಿತು. ಮೊದಲಿನದ್ದು ಸೇರಿಸಿ, ಮರ ಮಾರಿದ ಹಣ ಕಳೆದರೆ 4,15,000 ರೂಪಾಯಿ ಗುಡ್ಡೆಗೆ ಹಾಕಿದ್ದೇವೆ. ಹೋದ 63 ಅಡಿಕೆ ಮರ ಬೇರೆ. ಉಳಿದ ಸಸಿಗಳೂ ಒಣಗಿದವು.

ಆ ಚಳಿಗಾಲದಲ್ಲಿ ರಜೆ ಹಾಕಿ ಊರಿಗೆ ಹೋದೆ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೆ, ಕಾಸರಗೋಡಿನ ಸಿಪಿಸಿಆರ್‌ಐಗೆ ಹೋಗಿಬಂದೆ. ಕಾಸರಗೋಡು ಅಂದ ಮೇಲೆ ಒಂದು ಸಂಗತಿ ಹೇಳದೆ ಇರಲಾರೆ. ಅಲ್ಲಿ 1970ರ ದಶಕದಲ್ಲಿ ವಿಜ್ಞಾನಿಗಳು ತೆಂಗಿನ ತೋಟವನ್ನು ಅಳೆದು ನೋಡಿದರು. ತೆಂಗಿನಿಂದ ತೆಂಗಿಗೆ 7.5 ಮೀಟರ್. ಅದರ ಬೇರು ಹೆಚ್ಚಾಗಿ ಬುಡದಿಂದ 2 ಮೀಟರ್ ಒಳಗೇ ಇರುತ್ತದೆ. ನೀವೇ ಲೆಕ್ಕ ಹಾಕಿ, ಒಂದು ಮರದ ಪಾಲಿಗೆ 56 ಚದರ ಮೀಟರ್, ಬೇರು ಉಪಯೋಗಿಸುವುದು ಹನ್ನೆರಡು ಹದಿಮೂರು. ಮುಕ್ಕಾಲು ಭಾಗ ಜಾಗಕ್ಕೆ ಬಾಡಿಗೆ ಬರುತ್ತಿಲ್ಲ! ಹಾಗಾಗಿ ಮೇಲೆ ತೆಂಗು, ಅದಕ್ಕೆ ಮೆಣಸು, ನಡುವೆ ಕೊಕ್ಕೊ, ಕೆಳಗೆ ಅನಾನಸು ಅಂತ ಅಂತಸ್ತು ಅಂತಸ್ತಾಗಿ ಬೆಳೆಯುವ ಪದ್ಧತಿಯನ್ನು ಪ್ರಯೋಗ ಮಾಡಿದರು. ಆ ತಂಡದಲ್ಲಿದ್ದ ಪಿ.ಕೆ.ಆರ್. ನಾಯರ್ ಮುಂದೆ ನೈರೋಬಿಯ ವಿಶ್ವ ಕೃಷಿ ಅರಣ್ಯ ಸಂಸ್ಥೆಗೆ ಹೋದರು, ಅಲ್ಲಿಂದ ಇಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದರು. ಈ ವಿಷಯದ ಪಾಠಪುಸ್ತಕವನ್ನೇ ಬರೆದವರು. ನಮ್ಮ ಮನೆಯಿಂದ ಎರಡು ಮೂರು ಗಂಟೆಯ ದಾರಿಯಲ್ಲಿ ಶುರುವಾದ ವಿದ್ಯೆಯನ್ನು ಅಮೆರಿಕದ ಮಕ್ಕಳು ಕಾಲೇಜಿನಲ್ಲಿ ಕಲಿಯುತ್ತಾರೆ. ನಾವು ಜೆಸಿಬಿ ಹಾಕಿದೆವು.

ಅಡಿಕೆಯ ಲೆಕ್ಕ ಸ್ವಲ್ಪ ಬೇರೆ. 2.7 ಮೀಟರ್ ಅಂತರದಲ್ಲಿ ಇಟ್ಟರೆ ಎಕ್ರೆಗೆ ಸುಮಾರು 555 ಮರ. ಪ್ರಾಯದ ಅಡಿಕೆ ತೋಟದಲ್ಲಿ ಎರಡು ಸಾಲಿಗೆ ಒಂದು ಸಾಲಿನಂತೆ ಕೊಕ್ಕೊ ಇಟ್ಟರೆ ಎಕ್ರೆಗೆ ಸುಮಾರು 275 ಗಿಡ ಹಿಡಿಯುತ್ತದೆ. ಕೊಕ್ಕೊಗೆ ನೆರಳು ಬೇಕು, ಅದು ಅಡಿಕೆಯ ಕೆಳಗೆ ಪುಕ್ಕಟೆ ಉಂಟು. ಮೂರನೇ ವರ್ಷಕ್ಕೆ ಕಾಯಿ ಕಾಣುತ್ತದೆ. ಎಲೆ ಉದುರಿ ಬುಡದಲ್ಲೇ ಗೊಬ್ಬರ. ಕೊಂಬೆ ಮಾತ್ರ ವರ್ಷ ವರ್ಷ ಸವರಬೇಕು, ಬಿಟ್ಟರೆ ಅಡಿಕೆಗೆ ಹೋಗುವ ಗಾಳಿ ಕಟ್ಟುತ್ತದೆ, ಕೊಳೆರೋಗಕ್ಕೆ ಬೋರ್ಡೊ ಬಿಡುವವನು ಒಳಗೆ ನಡೆಯಲಿಕ್ಕೂ ಆಗದು. ಅಡಿಕೆ ವರ್ಷಕ್ಕೆ ಮೂರು ನಾಲ್ಕು ಕೊಯ್ಲು. ಕೊಕ್ಕೊ ಸೀಸನ್ನಿನಲ್ಲಿ ವಾರ ವಾರ ಕೊಯ್ದು ಹಸಿ ಬೀಜ ತೂಗಿ ಕೊಟ್ಟು ಹಣ ತರಬಹುದು. ಇದು ನನಗೆ ದೊಡ್ಡ ವಿಷಯ ಅನಿಸಿತು. ಮರ ಹತ್ತುವವರನ್ನು ಕಾಯಬೇಕಿಲ್ಲ, ಮನೆಯ ಹೆಂಗಸರೇ ಕೊಯ್ಯಬಹುದು. ನಮ್ಮ ಉಮ್ಮನ ಕೈಗೆ ಈಗ ತಿಂಗಳಿಗೆ ಸ್ವಲ್ಪ ದುಡ್ಡು ಬರುತ್ತದೆ, ಅದನ್ನು ಯಾರೂ ಕೇಳುವ ಹಾಗಿಲ್ಲ.

ಕೊಕ್ಕೊ ಚಿನ್ನ ಅಂತ ನಾನು ಹೇಳುವುದಿಲ್ಲ. 1980ರ ಆಸುಪಾಸಿನಲ್ಲಿ ಕೊಳ್ಳುವವರಿಲ್ಲದೆ ನಮ್ಮ ಊರಿನವರು ಗಿಡ ಕಡಿದು ಬಿಸಾಡಿದ್ದರು. ಆಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯೇ ಶುರು ಮಾಡಿತು. ಅದರಿಂದ ಬೆಳೆ ಉಳಿಯಿತು. 2024ರಲ್ಲಿ ಆಫ್ರಿಕಾದ ಐವರಿ ಕೋಸ್ಟ್, ಘಾನಾದಲ್ಲಿ ಫಸಲು ಕೈಕೊಟ್ಟಾಗ ನ್ಯೂಯಾರ್ಕ್ ಮಾರ್ಕೆಟ್ಟಿನಲ್ಲಿ ಟನ್ನಿಗೆ 10,000 ಡಾಲರ್ ದಾಟಿತು, ಊರಲ್ಲಿ ಹಸಿ ಬೀಜಕ್ಕೆ ಕಿಲೋಗೆ ಮುನ್ನೂರರ ಹತ್ತಿರ ಹೋಯಿತು. ಆಮೇಲೆ ಇಳಿಯಿತು. ಇಳಿಯಲಿ ಮಾರಾಯ್ರೆ. ಅಡಿಕೆ ಬಿದ್ದಾಗ ಮೆಣಸು, ಮೆಣಸು ಬಿದ್ದಾಗ ಕೊಕ್ಕೊ. ಸುಳ್ಯದ ಸಂಪಾಜೆ, ಅರಂತೋಡು, ಮರ್ಕಂಜದಲ್ಲಿ ಹಳದಿ ಎಲೆ ರೋಗ ಬಂದು ಅಡಿಕೆಯನ್ನೇ ನಂಬಿದ ಮನೆಗಳು ಹೇಗೆ ಕೂತವು ಅಂತ ನೋಡಿದ್ದೇವೆ. ಈಗ ಎಲೆಚುಕ್ಕಿ ರೋಗ. ಒಂದೇ ಬೆಳೆ ಅಂದರೆ ಒಂದೇ ಕಂಪೆನಿಯ ಷೇರಿಗೆ ಎಲ್ಲ ಹಣ ಹಾಕಿದ ಹಾಗೆ.

ತೋಟದ ವಿಷಯದಲ್ಲಿ ತಮ್ಮ ಒಪ್ಪಿದ. ಗುಡ್ಡೆಯ ವಿಷಯದಲ್ಲಿ ಒಪ್ಪಲಿಲ್ಲ. ಅವನು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಹೇಳುತ್ತೇನೆ: “ಕಾಕ, ನೀವು ಅಮೆರಿಕದಲ್ಲಿ ಕೂತು ಮರ ನೆಡು ಅಂತೀರಿ. ಮರ ಹತ್ತು ವರ್ಷ ಏನೂ ಕೊಡುದಿಲ್ಲ. ನನ್ನ ಮಗನ ಫೀಸು ಜೂನಿನಲ್ಲೇ ಕಟ್ಟಬೇಕು.” ಸಹೋದರರೇ, ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಪರಿಸರದ ಭಾಷಣ ಮಾಡುವವರು ಈ ಪ್ರಶ್ನೆಗೆ ಬಂದಾಗ ಮೆಲ್ಲ ದಾಟಿಹೋಗುತ್ತಾರೆ. ಎರಡು ರಾತ್ರಿ ಮಾತಾಡಿದ ಮೇಲೆ ನಮಗೆ ಒಂದು ದಾರಿ ಕಂಡಿತು. ಬೇಗ ಹಣ ಬರುವ ತೋಟದ ಆದಾಯ, ಉಮ್ಮನ ಪಾಲು ಮತ್ತು ತಂಗಿಯರಿಗೆ ವರ್ಷಕ್ಕೆ ಕೊಡಬೇಕಾದ್ದು ಕಳೆದು, ಊರಲ್ಲಿದ್ದು ದುಡಿಯುವ ತಮ್ಮನಿಗೆ. ತಡವಾಗಿ ಬರುವ ಗುಡ್ಡೆಯ ಖರ್ಚು ಹೊರಗೆ ದುಡಿಯುವ ನಾವಿಬ್ಬರಿಗೆ. ಕಾಯುವ ಶಕ್ತಿ ಇರುವುದು ತಿಂಗಳ ಸಂಬಳ ಬರುವವನಿಗೆ, ಹಾಗಾಗಿ ಕಾಯುವ ಕೆಲಸವೂ ಅವನದ್ದೇ. ಇದನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. ತಂಗಿಯರು, ಭಾವಂದಿರು ಎದುರಿಗಿದ್ದು ಬರೆದು ಸಹಿ ಹಾಕಿದೆವು. ಯಾರ ಪಾಲೂ ಯಾರಿಗೂ ಹೋಗಿಲ್ಲ.

ಗುಡ್ಡೆಯಲ್ಲಿ ಏನು ಮಾಡಿದೆವು? ತಟ್ಟುಗಳಿಗೆ ಅಡ್ಡಲಾಗಿ ಇಂಗುಗುಂಡಿ. ಅಂಚಿನಲ್ಲಿ ಗ್ಲಿರಿಸಿಡಿಯಾ, ಕೊಂಬೆ ಊರಿದರೆ ಸಾಕು, ಚಿಗುರುತ್ತದೆ, ಸೊಪ್ಪು ಕೊಡುತ್ತದೆ. ಮೇಲೆ ಹಲಸು, ಕಾಟುಮಾವು, ಪುನರ್ಪುಳಿ, ಗೇರು. ಗಡಿಯಲ್ಲಿ ಸಾಗುವಾನಿ, ಹೆಬ್ಬೇವು. ತೀರಾ ಇಳಿಜಾರಿನ ಜಾಗವನ್ನು ಮುಟ್ಟದೆ ಬಿಟ್ಟೆವು, ಅಲ್ಲಿ ತಾನಾಗಿ ಏನು ಬಂತೋ ಅದು. ಸಸಿಗಳು ಅರಣ್ಯ ಇಲಾಖೆಯ ನರ್ಸರಿಯಿಂದ, ಕಡಿಮೆ ದರಕ್ಕೆ. ಕರ್ನಾಟಕದಲ್ಲಿ 2011ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅಂತ ಉಂಟು. ನೆಟ್ಟ ಗಿಡ ಬದುಕಿದ್ದರೆ ಒಂದನೇ, ಎರಡನೇ, ಮೂರನೇ ವರ್ಷ ಗಿಡಕ್ಕೆ ಇಷ್ಟು ಅಂತ ಖಾತೆಗೆ ಹಣ ಹಾಕುತ್ತಾರೆ. ದೊಡ್ಡ ಮೊತ್ತ ಅಲ್ಲ. ಆದರೆ ನೆಟ್ಟದ್ದಕ್ಕೆ ಅಲ್ಲ, ಬದುಕಿದ್ದಕ್ಕೆ ಹಣ ಎಂಬ ನಿಯಮ ನನಗೆ ಬಹಳ ಹಿಡಿಸಿತು. ಆರ್‌ಟಿಸಿ, ಆಧಾರ್, ಪಾಸ್‌ಬುಕ್ ಹಿಡಿದು ರೇಂಜ್ ಆಫೀಸಿಗೆ ಹೋದರೆ ಈಗಿನ ದರ ಹೇಳುತ್ತಾರೆ. ಭಾರತ ಸರ್ಕಾರ 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನೂ ಮಾಡಿದೆ, ಇಂಥ ನೀತಿ ಮಾಡಿದ ಮೊದಲ ದೇಶ ನಮ್ಮದು. ಆದರೂ ಸಾಗುವಾನಿ, ಬೀಟೆಯಂಥ ಮರ ನಮ್ಮದೇ ಜಾಗದಲ್ಲಿದ್ದರೂ ಕಡಿಯಲು ಅನುಮತಿ ಬೇಕು. ಶ್ರೀಗಂಧ 2001ರ ತಿದ್ದುಪಡಿಯ ನಂತರ ಜಾಗದವನದ್ದೇ, ಆದರೆ ಕಡಿಯುವುದಕ್ಕೆ ಇಲಾಖೆಯ ಅನುಮತಿ ಬೇಕು. ನೆಡುವಾಗಲೇ ಎಷ್ಟು, ಯಾವುದು ಅಂತ ಬರೆದಿಟ್ಟು, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಕೊಕ್ಕೊ, ಮೆಣಸು ಎಲ್ಲ ಸೇರಿಸಿ. ತೋಟಕ್ಕೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುವಾಗ ದಾಖಲೆಯಲ್ಲಿ ಇಲ್ಲದ ಬೆಳೆ ಇಲ್ಲದ ಹಾಗೆಯೇ.

ಇನ್ನು ಹೊರಗಿರುವವರಿಗೆ ಎರಡು ಮೂರು ಎಚ್ಚರಿಕೆ. ಈ ಪತ್ರಿಕೆಯಲ್ಲಿ ಇದನ್ನು ಓದುವ ಗಲ್ಫಿನ ಸಹೋದರರಿಗೂ ಇದು ಅನ್ವಯ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದು ಅಂತ ಆಯಿತು. ಅದನ್ನು ಕೇಳಿ ಅನಿವಾಸಿಗಳೂ ಕೊಳ್ಳಬಹುದು ಅಂದುಕೊಂಡವರಿದ್ದಾರೆ. ಹಾಗಲ್ಲ. ಫೆಮಾ ಕಾನೂನಿನಲ್ಲಿ ಅನಿವಾಸಿ ಭಾರತೀಯ, ಒಸಿಐ ಕಾರ್ಡಿನವರು ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ವಾರಸಿನಲ್ಲಿ ಬಂದದ್ದು, ಊರಲ್ಲಿದ್ದಾಗ ಕೊಂಡದ್ದು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯನಿಗೆ. ಅಂದರೆ ಉಪ್ಪನ ಜಾಗ ಒಮ್ಮೆ ಹೋದರೆ, ಹೊರಗಿದ್ದುಕೊಂಡು ಇನ್ನೊಂದು ನಿಮ್ಮ ಹೆಸರಿಗೆ ಬರುವುದಿಲ್ಲ. ಕುಮ್ಕಿ ಜಾಗದ ಮರ ಕಡಿದು ತೋಟ ಮಾಡಿದರೆ ಅದು ನಿಮ್ಮದಾಯಿತು ಅಂತಲೂ ಅಲ್ಲ, ಜಾಗ ಸರ್ಕಾರದ್ದೇ. ಅಮೆರಿಕದಲ್ಲಿರುವವರು ಊರಿನ ಅಡಿಕೆಯ ಹಣಕ್ಕೆ ಅಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಇಲ್ಲಿ ತೋರಿಸದೆ ಇರಬೇಡಿ, ಇಲ್ಲಿ ತೋರಿಸಲೇಬೇಕು.

ಮತ್ತೊಂದು. “ನಾವು ಸಾಗುವಾನಿ ನೆಡುತ್ತೇವೆ, ಶ್ರೀಗಂಧ ನೆಡುತ್ತೇವೆ, ನೀವು ಹಣ ಹಾಕಿ, ಹದಿನೈದು ವರ್ಷದಲ್ಲಿ ಕೋಟಿ” ಅಂತ ವಾಟ್ಸಪ್ಪಿನಲ್ಲಿ ಬರುತ್ತದಲ್ಲ, ಅದಕ್ಕೆ ಕೈ ಹಾಕಬೇಡಿ. 1990ರ ದಶಕದಲ್ಲಿ ಇಂಥ ಪ್ಲಾಂಟೇಶನ್ ಕಂಪೆನಿಗಳು ದೇಶದ ತುಂಬ ಎದ್ದು ಮುಳುಗಿದವು, ಅದಕ್ಕೇ ಸೆಬಿ 1999ರಲ್ಲಿ ನಿಯಮ ತಂದದ್ದು. ನನ್ನ ಮಾಮ ಶಾರ್ಜಾದಲ್ಲಿ ಡ್ರೈವರ್ ಆಗಿ ಉಳಿಸಿದ 60,000 ರೂಪಾಯಿ ಅದರಲ್ಲಿ ಹೋಯಿತು. ಚಂದದ ಸರ್ಟಿಫಿಕೇಟ್ ಇನ್ನೂ ಅವರ ಪೆಟ್ಟಿಗೆಯಲ್ಲಿ ಉಂಟು, ಮರ ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಮರ ನಿಮ್ಮ ಉಮ್ಮ ನೋಡಿ ಎಣಿಸುವ ಹಾಗೆ ಇರಬೇಕು.

ನಮ್ಮ ಲೆಕ್ಕ ಇನ್ನೂ ಮುಗಿದಿಲ್ಲ. ಗುಡ್ಡೆಗೆ ಹಾಕಿದ 4,15,000ದಲ್ಲಿ ಒಂದು ರೂಪಾಯಿಯೂ ಬಂದಿಲ್ಲ. ಕೊಕ್ಕೊದಲ್ಲಿ ಮಂಗ, ಅಳಿಲು ತಮ್ಮ ಪಾಲು ಮೊದಲೇ ತೆಗೆದುಕೊಳ್ಳುತ್ತವೆ. ತಮ್ಮ ಈಗಲೂ ಅಡಿಕೆಗೆ ರೇಟು ಏರಿದಾಗಲೆಲ್ಲ ಗುಡ್ಡೆಯ ಕಡೆ ನೋಡುತ್ತಾನೆ, ನನಗೆ ಗೊತ್ತು. ಹೋದ ಮಳೆಗಾಲದಲ್ಲಿ ಅವನೇ ವಿಡಿಯೋ ಕಳಿಸಿದ್ದ. ಜುಲೈ ತಿಂಗಳ ಜೋರು ಮಳೆಯಲ್ಲಿ ಮನೆಯ ಹಿಂದಿನ ತೋಡಿನ ನೀರು. 2019ರಲ್ಲಿ ಅದು ಚಹಾದ ಬಣ್ಣದಲ್ಲಿತ್ತು. ಈ ಸಲ ತಳದ ಕಲ್ಲು ಕಾಣುತ್ತಿತ್ತು. ಅವನು ಏನೂ ಬರೆದಿರಲಿಲ್ಲ, ವಿಡಿಯೋ ಮಾತ್ರ.

ಆರ್‌ಟಿಸಿಯ ಪ್ರತಿ ತನ್ನಿ ಅಂತ ಸಂಘದವರು ಮೊದಲೇ ಹೇಳಿದ್ದಾರೆ. ತಂದವರು ಊಟ ಆದ ಮೇಲೆ ಆ ಕಿಟಕಿಯ ಹತ್ತಿರದ ಮೇಜಿಗೆ ಬನ್ನಿ. ಒಂಬತ್ತನೇ ಕಾಲಮಿನಲ್ಲಿ ಇನ್ನೂ ಉಪ್ಪನ ಹೆಸರೇ ಇದ್ದರೆ ಮೊದಲು ಅದನ್ನು ಸರಿ ಮಾಡುವ, ಗಿಡದ ಮಾತು ಆಮೇಲೆ.